ಓದುಗರ ಪ್ರಶ್ನೆ, ಗ್ರಂಥಪಾಲಕರ ಉತ್ತರ: ಸಂಶೋಧನಾ ಡೇಟಾಬೇಸ್‌ಗಳ ದುಡ್ಡು ನಿಲ್ಲದಿರಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು, ಮಂಡ್ಯ ಜಿಲ್ಲೆಗಳವು. ಗ್ರಂಥಾಲಯಗಳು ಚಂದಾ ಕಟ್ಟಿ ಕೊಡಿಸುವ ಜರ್ನಲ್, ಡೇಟಾಬೇಸ್‌ಗಳ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ, ಅದು ನಿಲ್ಲದಂತೆ ಏನು ಮಾಡಬೇಕು ಎಂಬುದೇ ಎಲ್ಲರ ಪ್ರಶ್ನೆ. ಗ್ರಂಥಾಲಯ ವೃತ್ತಿಯಲ್ಲಿರುವವರ ನಮ್ಮ ಬಳಗ ಉತ್ತರಿಸಿದೆ.

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ ಕೇಂದ್ರ ಸರ್ಕಾರವೇ ಚಂದಾ ಕಟ್ಟತೊಡಗಿದ ಮೇಲೆ ಬೇಕಾದ ಜರ್ನಲ್‌ಗಳು ಸಿಗುತ್ತಿವೆ. ಈಗ ಅನುದಾನದ ಚಿಂತೆ ಏಕೆ ಎಂದು ಲ್ಯಾಬಿನಲ್ಲಿ ಎಲ್ಲರೂ ಕೇಳುತ್ತಾರೆ.
— ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಆ ದುಡ್ಡಿಗೆ ಕೊನೆಯ ತಾರೀಖಿದೆ, ಅದಕ್ಕೇ ಚಿಂತೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿದ್ದು 2025, 2026, 2027 ಈ ಮೂರು ಕ್ಯಾಲೆಂಡರ್ ವರ್ಷಗಳಿಗೆ. ಒಟ್ಟು 6,000 ಕೋಟಿ ರೂಪಾಯಿಗೆ. ಅದರಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ಓದುಗರಿಗೆ ತೆರೆದವು. ಭಾಗಿಸಿ ನೋಡಿ: ತಲೆಗೆ ವರ್ಷಕ್ಕೆ 1,100 ರೂಪಾಯಿ ಚಿಲ್ಲರೆ. ಪ್ರಕಾಶಕರ ತಾಣದಲ್ಲಿ ಒಂದೇ ಲೇಖನವನ್ನು ಬಿಡಿಯಾಗಿ ಕೊಳ್ಳಲು ಹೋದರೆ ಸಾಮಾನ್ಯವಾಗಿ 30ರಿಂದ 40 ಡಾಲರ್ ಕೇಳುತ್ತಾರೆ, ಅಂದರೆ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲ. ವರ್ಷಕ್ಕೆ ಒಂದು ಲೇಖನ ಓದುವವರಿಗೂ ಈ ಯೋಜನೆ ಅಗ್ಗವೇ. ನಿಮ್ಮಂಥವರು ವಾರಕ್ಕೆ ಹತ್ತು ಓದುತ್ತೀರಿ.

ಇನ್ನು ತಾರೀಖುಗಳ ವಿಷಯ. ಜರ್ನಲ್ ಚಂದಾ ಜನವರಿಯಿಂದ ಡಿಸೆಂಬರ್‌ವರೆಗೆ, ಸರ್ಕಾರದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. 2028ರ ಜನವರಿ 1ರಂದು ಬಾಗಿಲು ತೆರೆದಿರಬೇಕಾದರೆ ಅದರ ಹಣ 2027-28ರ ಬಜೆಟ್ಟಿನಲ್ಲೇ ಇರಬೇಕು. ಆ ಬಜೆಟ್ ಮಂಡನೆ 2027ರ ಫೆಬ್ರುವರಿ 1ಕ್ಕೆ. ಇಲಾಖೆಗಳು ಅದರ ಅಂದಾಜು ಹಾಕಲು ಕೂರುವುದು ಹಿಂದಿನ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. 2027ರ ಡಿಸೆಂಬರ್‌ನಲ್ಲಿ ಎಚ್ಚೆತ್ತು ಮನವಿ ಕೊಡುವುದೆಂದರೆ, ನಾಲೆಗೆ ಸರದಿಯ ಕಟ್ಟು ನೀರು ಬಿಟ್ಟು ನಿಲ್ಲಿಸಿದ ಮೇಲೆ ನಾಲೆ ಅಧಿಕಾರಿಗೆ ಅರ್ಜಿ ಕೊಟ್ಟಂತೆ.

ಇನ್ನೊಂದು ಅಪಾಯ ನಿಮ್ಮ ವಿಶ್ವವಿದ್ಯಾಲಯದ ಒಳಗೇ ಇದೆ. ‘ಕೇಂದ್ರವೇ ಕೊಡುತ್ತಿದೆಯಲ್ಲ’ ಎಂದು ಗ್ರಂಥಾಲಯದ ಇ-ಸಂಪನ್ಮೂಲ ಬಾಬ್ತನ್ನು ಸೊನ್ನೆ ಮಾಡುವ ಮಾತು ಹಣಕಾಸು ಸಮಿತಿಯಲ್ಲಿ ಬರುವುದು ಸಹಜ. ಮುಚ್ಚಿದ ಲೆಕ್ಕ ಶೀರ್ಷಿಕೆಯನ್ನು ಮತ್ತೆ ತೆರೆಸುವುದು ಎಷ್ಟು ಕಷ್ಟ ಎಂದು ಕಚೇರಿಯ ಯಾವ ಅಧೀಕ್ಷಕರನ್ನಾದರೂ ಕೇಳಿ. ಕಡೇಪಕ್ಷ ಟೋಕನ್ ಮೊತ್ತವನ್ನಾದರೂ ಇಟ್ಟು ಆ ಶೀರ್ಷಿಕೆಯನ್ನು ಜೀವಂತ ಇಡಬೇಕು. ಉಳಿದ ಹಣಕ್ಕೂ ಕೆಲಸವಿದೆ. ಈ ಯೋಜನೆ ಮೂಲತಃ ಜರ್ನಲ್‌ಗಳದು. ಯಾವ ಲೇಖನ ಎಲ್ಲಿದೆ ಎಂದು ತೋರಿಸುವ ಸೂಚಿ ಡೇಟಾಬೇಸ್‌ಗಳು, ಇ-ಪುಸ್ತಕಗಳು, ಮನೆಯಿಂದ ಲಾಗಿನ್ ಆಗುವ ವ್ಯವಸ್ಥೆಯ ನಿರ್ವಹಣೆ, ಹಳೆಯ ಪ್ರಬಂಧಗಳ ಡಿಜಿಟಲೀಕರಣ ಇವಕ್ಕೆಲ್ಲ ಸಂಸ್ಥೆಯ ಸ್ವಂತ ಹಣವೇ ಬೇಕು.

ಕಾಗದದ ಸಂಪುಟಕ್ಕೆ ಚಂದಾ ನಿಂತರೂ ಹಳೆಯ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಇ-ಜರ್ನಲ್‌ನಲ್ಲಿ ಹಾಗಲ್ಲ. ಹಣ ಕಟ್ಟಿದ ವರ್ಷಗಳ ಸಂಚಿಕೆಗಳು ಚಂದಾ ನಿಂತ ಮೇಲೂ ಸಿಗಬೇಕೆಂದರೆ ಒಪ್ಪಂದದಲ್ಲಿ ಶಾಶ್ವತ ಬಳಕೆಯ ಷರತ್ತು ಬರೆದಿರಬೇಕು. ನಿಮ್ಮ ಗ್ರಂಥಪಾಲಕರನ್ನು ಕೇಳಲೇಬೇಕಾದ ಪ್ರಶ್ನೆ: ‘ನಾವೇ ಹಣ ಕಟ್ಟಿದ ಹಳೆಯ ವರ್ಷಗಳಿಗೆ ಆ ಷರತ್ತಿತ್ತೇ? ಆ ಒಪ್ಪಂದದ ಪ್ರತಿ ಕಡತದಲ್ಲಿದೆಯೇ?’ ಪ್ರತಿ ಕೈಯಲ್ಲಿಲ್ಲದಿದ್ದರೆ ಪ್ರಕಾಶಕರ ಮುಂದೆ ಆ ಹಕ್ಕನ್ನು ಸಾಧಿಸುವುದು ಬಲು ಕಷ್ಟ.

ಪ್ರಶ್ನೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗ್ರಂಥಪಾಲಕಿ. ‘ಇ-ಜರ್ನಲ್‌ಗಳನ್ನು ಯಾರೂ ಬಳಸುತ್ತಿಲ್ಲ, ಅಂಕಿ ನೋಡಿ ಮೇಡಂ’ ಎಂದು ಪ್ರಾಂಶುಪಾಲರು ವರದಿಯನ್ನು ಮುಂದಿಡುತ್ತಾರೆ. ತಿಂಗಳಿಗೆ ಹತ್ತಿಪ್ಪತ್ತು ಡೌನ್‌ಲೋಡ್ ಮಾತ್ರ ನಿಜ. ಹೀಗಿರುವಾಗ ಯಾವ ಮುಖದಿಂದ ಮುಂದುವರಿಸಿ ಎಂದು ಕೇಳಲಿ?
— ಮದ್ದೂರು ತಾಲ್ಲೂಕು

ಉತ್ತರ: ಮೊದಲು ಆ ಅಂಕಿಯನ್ನೇ ಅನುಮಾನಿಸಿ. ಬೇಡಿಕೆ ಇಲ್ಲದೆ ಬಳಕೆ ಕಡಿಮೆಯಾಗಿರುವುದಕ್ಕಿಂತ ದಾರಿ ಮುಚ್ಚಿ ಕಡಿಮೆಯಾಗಿರುವುದೇ ಹೆಚ್ಚು.

ನೋಡಬೇಕಾದ ಮೊದಲ ಜಾಗ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ. ಪ್ರಕಾಶಕರ ಸರ್ವರ್ ನಿಮ್ಮ ಕಾಲೇಜನ್ನು ಗುರುತಿಸುವುದು ನೋಂದಾಯಿಸಿದ ಸ್ಟ್ಯಾಟಿಕ್ (ದಿನವೂ ಬದಲಾಗದ) ಐಪಿಯಿಂದ. ಕಾಲೇಜು ಇಂಟರ್ನೆಟ್ ಕಂಪನಿ ಬದಲಿಸಿದರೆ, ಹಳೆಯ ಸಂಪರ್ಕವನ್ನು ಫೈಬರ್‌ಗೆ ಏರಿಸಿದರೆ ಆ ಸಂಖ್ಯೆ ಬದಲಾಗುತ್ತದೆ. ಯಾರೂ ತಿಳಿಸದಿದ್ದರೆ ಎಲ್ಲ ಲೇಖನಗಳ ಮುಂದೂ ಬೆಲೆಪಟ್ಟಿ ಬಂದು ನಿಲ್ಲುತ್ತದೆ. ವಿದ್ಯಾರ್ಥಿ ‘ನಮ್ಮ ಕಾಲೇಜಿಗೆ ಇದಿಲ್ಲ’ ಎಂದುಕೊಂಡು ಹೊರಟುಹೋಗುತ್ತಾನೆ, ದೂರು ಕೊಡುವುದಿಲ್ಲ. ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಐಪಿ ತೋರಿಸುವ ಯಾವುದಾದರೂ ತಾಣ ತೆರೆದು, ಬಂದ ಸಂಖ್ಯೆಯನ್ನು ನೋಂದಣಿಯಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ. ತಿಂಗಳಿಗೊಮ್ಮೆ ಹೀಗೆ ಮಾಡಿ ಡೈರಿಯಲ್ಲಿ ಬರೆದಿಡಿ.

ಎರಡನೆಯದು ಮೊಬೈಲ್. ಹುಡುಗರು ಗ್ರಂಥಾಲಯದೊಳಗೇ ಕುಳಿತು ತಮ್ಮ ಮೊಬೈಲ್ ಡೇಟಾದಲ್ಲಿ ಹುಡುಕುತ್ತಾರೆ. ಆ ಐಪಿ ಕಾಲೇಜಿನದಲ್ಲ. ವೈಫೈ ಪಾಸ್‌ವರ್ಡ್ ಕೊಡಲು ಹಿಂಜರಿಯುವ ಕಾಲೇಜುಗಳಲ್ಲಿ ಬಳಕೆ ಏರುವುದು ಬಲು ಕಷ್ಟ.

ಮೂರನೆಯದು ಹೊರಗಿನಿಂದ ಲಾಗಿನ್. ಕಾಲೇಜುಗಳಿಗೆ ಇ-ಸಂಪನ್ಮೂಲ ಕೊಡಿಸುವ ಎನ್-ಲಿಸ್ಟ್‌ನಲ್ಲಿ ಪ್ರತಿಯೊಬ್ಬ ಅಧ್ಯಾಪಕರಿಗೂ ವಿದ್ಯಾರ್ಥಿಗೂ ಪ್ರತ್ಯೇಕ ಬಳಕೆದಾರ ಹೆಸರು ಕೊಡುವುದು ಕಾಲೇಜಿನ ನಿರ್ವಾಹಕರ ಕೆಲಸ, ಅಂದರೆ ನಿಮ್ಮದೇ. ದೇಶದ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಇನ್‌ಫೆಡ್ ವ್ಯವಸ್ಥೆಗೂ ಕಾಲೇಜು ಸೇರಿರಬೇಕು; ಕಾಲೇಜಿನ ಗುರುತಿನಿಂದ ಹೊರಗಿನಿಂದಲೂ ಲಾಗಿನ್ ಆಗಲು ಅದು ಬೇಕು. ಪ್ರವೇಶಾತಿ ಮುಗಿದ ಹದಿನೈದು ದಿನಗಳೊಳಗೆ ಹೊಸಬರ ಪಟ್ಟಿ ಸೇರಿಸಿ, ಕೋರ್ಸ್ ಮುಗಿಸಿದವರ ಹೆಸರು ತೆಗೆಯಿರಿ. ಪಟ್ಟಿಯ ಇಮೇಲ್ ವಿಳಾಸಗಳನ್ನು ಎರಡು ಸಲ ಓದಿ. ಒಂದು ಅಕ್ಷರ ತಪ್ಪಿದರೆ ಪಾಸ್‌ವರ್ಡ್ ಆ ಹುಡುಗಿಯನ್ನು ತಲುಪುವುದೇ ಇಲ್ಲ, ವರ್ಷವಿಡೀ ಅವಳು ಲೆಕ್ಕದಿಂದ ಹೊರಗೇ.

ಈಗ ವರದಿ. ಪ್ರಕಾಶಕರು ಕೊಡುವ ಬಳಕೆಯ ಅಂಕಿಗಳು ‘ಕೌಂಟರ್’ ಎಂಬ ಒಪ್ಪಿತ ಮಾದರಿಯಲ್ಲಿರುತ್ತವೆ. ಪ್ರಾಂಶುಪಾಲರ ಕೈಯಲ್ಲಿರುವುದು ಬಹುಶಃ ಟಿಆರ್-ಜೆ1, ಅಂದರೆ ಯಾವ ಜರ್ನಲ್‌ನಿಂದ ಎಷ್ಟು ಲೇಖನ ತೆರೆದರು ಎಂಬುದು. ಅದರಲ್ಲಿ ‘ಒಟ್ಟು’, ‘ಅನನ್ಯ’ ಎಂದು ಎರಡು ಅಂಕಿಗಳಿರುತ್ತವೆ. ಒಬ್ಬರು ಒಂದೇ ಲೇಖನವನ್ನು ಮೊದಲು ವೆಬ್ ಪುಟವಾಗಿ, ಆಮೇಲೆ ಪಿಡಿಎಫ್ ಆಗಿ ತೆರೆದರೆ ಒಟ್ಟಿನಲ್ಲಿ ಎರಡು, ಅನನ್ಯದಲ್ಲಿ ಒಂದು. ಸಭೆಗೆ ಅನನ್ಯದ ಅಂಕಿಯನ್ನೇ ಒಯ್ಯಿರಿ. ಅದನ್ನು ಯಾರೂ ಉಬ್ಬಿಸಿದ್ದು ಎನ್ನಲಾರರು.

ನಿಮಗೆ ನಿಜಕ್ಕೂ ಬೇಕಾದದ್ದು ಟಿಆರ್-ಜೆ2. ಅದು ಬಾಗಿಲು ತಟ್ಟಿ ವಾಪಸಾದವರ ಲೆಕ್ಕ: ನಿಮ್ಮ ಕಾಲೇಜಿನಿಂದ ತೆರೆಯಲು ನೋಡಿ, ಚಂದಾ ಇಲ್ಲವೆಂದೋ ಏಕಕಾಲದ ಬಳಕೆದಾರರ ಮಿತಿ ಮೀರಿತೆಂದೋ ಸಿಗದೆ ಹೋದ ಸಂದರ್ಭಗಳು. ಬೇಡಿಕೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಆದರೂ ಹೆಚ್ಚಿನ ಗ್ರಂಥಾಲಯಗಳು ಇದನ್ನು ತರಿಸಿಕೊಳ್ಳುವುದೇ ಇಲ್ಲ ಎಂಬುದು ಬೇಸರದ ಸಂಗತಿ. ಒಂದು ಎಚ್ಚರಿಕೆ: ಮೊಬೈಲ್ ಡೇಟಾದಲ್ಲಿ ಹುಡುಕಿದವರು, ಬದಲಾದ ಐಪಿಯಿಂದ ಬಂದವರು ಇದರಲ್ಲೂ ನಿಮ್ಮ ಹೆಸರಿಗೆ ಬರುವುದಿಲ್ಲ. ಹಾಗಾಗಿ ಮೊದಲು ದಾರಿ ಸರಿಪಡಿಸಿ, ನಂತರ ಕನಿಷ್ಠ ಒಂದು ಪೂರ್ತಿ ಸೆಮಿಸ್ಟರ್ ಬಿಟ್ಟು ಅಂಕಿ ತೆಗೆಯಿರಿ. ಪರೀಕ್ಷೆ, ರಜೆಯ ತಿಂಗಳಲ್ಲಿ ತೆಗೆದ ಅಂಕಿ ಮೋಸ ಮಾಡುತ್ತದೆ.

ಕೊನೆಗೆ ಒಂದು ಸರಳ ಲೆಕ್ಕ. ವರ್ಷದ ವೆಚ್ಚವನ್ನು ಅನನ್ಯ ಬಳಕೆಯಿಂದ ಭಾಗಿಸಿ. ಉದಾಹರಣೆಗೆ 60,000 ರೂಪಾಯಿ ಕಟ್ಟಿ 1,500 ಲೇಖನ ಬಳಕೆಯಾಗಿದ್ದರೆ ಒಂದಕ್ಕೆ 40 ರೂಪಾಯಿ. ಪಕ್ಕದಲ್ಲೇ ಬಿಡಿ ಬೆಲೆ ಬರೆಯಿರಿ. ಆದರೆ ಈ ಲೆಕ್ಕವೊಂದನ್ನೇ ನೆಚ್ಚಿಕೊಳ್ಳಬೇಡಿ. ಮೂರೇ ಜನ ಬಳಸಿದ ಡೇಟಾಬೇಸ್‌ನಿಂದ ಒಂದು ಪಿಎಚ್.ಡಿ. ಮುಗಿದಿರಬಹುದು. ಅಂಥದ್ದನ್ನು ಅಧ್ಯಾಪಕರಿಂದ ನಾಲ್ಕು ಸಾಲಿನಲ್ಲಿ ಬರೆಸಿಕೊಂಡು ಅಂಕಿಯ ಕೆಳಗೆ ಲಗತ್ತಿಸಿ.

ಪ್ರಶ್ನೆ: ಮನವಿ ಯಾರಿಗೆ ಕೊಡಬೇಕು? ಏನು ಬರೆಯಬೇಕು?
— ಅಧ್ಯಾಪಕರ ಸಂಘದ ಕಾರ್ಯದರ್ಶಿ, ಮಂಡ್ಯ

ಉತ್ತರ: ಯಾರ ಹಣವೋ ಅವರಿಗೆ. ಕೇಂದ್ರ ಯೋಜನೆಯಾದರೆ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಕಾರ್ಯದರ್ಶಿಗೆ, ಪ್ರತಿ ಇನ್‌ಫ್ಲಿಬ್‌ನೆಟ್‌ಗೆ, ಇನ್ನೊಂದು ನಿಮ್ಮ ಲೋಕಸಭಾ ಸದಸ್ಯರಿಗೆ. ರಾಜ್ಯದ ಹಣವಾದರೆ ಉನ್ನತ ಶಿಕ್ಷಣ ಇಲಾಖೆಗೆ, ಜನವರಿ ಕಳೆಯುವುದರೊಳಗೆ. ವಿಶ್ವವಿದ್ಯಾಲಯದ್ದಾದರೆ ಗ್ರಂಥಾಲಯ ಸಮಿತಿಯಲ್ಲಿ ಠರಾವು ಮಾಡಿಸಿ ಕುಲಸಚಿವರಿಗೂ ಹಣಕಾಸು ಅಧಿಕಾರಿಗೂ. ಸಮಿತಿ ಸೇರದೆ ನೇರ ಹೋದ ಪತ್ರ ‘ಪರಿಶೀಲಿಸಿ’ ಎಂಬ ಷರಾದೊಂದಿಗೆ ಅದೇ ಸಮಿತಿಗೆ ವಾಪಸು ಬರುತ್ತದೆ, ಎರಡು ತಿಂಗಳು ವ್ಯರ್ಥ.

ಪತ್ರ ಒಂದು ಪುಟ ಮೀರದಿರಲಿ. ಮೊದಲ ವಾಕ್ಯದಲ್ಲೇ ಏನು ಬೇಕು, ಯಾವ ತಾರೀಖಿನಿಂದ ಎಂದು ಹೇಳಿ. ಎರಡನೆಯದರಲ್ಲಿ ನಿಮ್ಮ ಸಂಸ್ಥೆಯ ಬಳಕೆ, ಸಿಗದೆ ವಾಪಸಾದ ಲೆಕ್ಕ. ಮೂರನೆಯದರಲ್ಲಿ ನಿಂತರೆ ಯಾವ ಕೆಲಸ ನಿಲ್ಲುತ್ತದೆ ಎಂದು ಹೆಸರಿಸಿ: ಇಷ್ಟು ಪಿಎಚ್.ಡಿ. ವಿದ್ಯಾರ್ಥಿಗಳು, ಇಷ್ಟು ಸ್ನಾತಕೋತ್ತರ ಪ್ರಾಜೆಕ್ಟ್‌ಗಳು. ಜ್ಞಾನದ ಮಹತ್ವದ ಬಗ್ಗೆ ಪೀಠಿಕೆ ಬೇಡ. ಓದುವ ಅಧಿಕಾರಿಗೆ ಟಿಪ್ಪಣಿಗೆ ಎತ್ತಿಕೊಳ್ಳಲು ಅಂಕಿ ಬೇಕು, ಅಷ್ಟೆ.

ಸಂಸದರಿಗೆ ಮನವಿಗಿಂತ ಸಿದ್ಧ ಪ್ರಶ್ನೆ ಕೊಡುವುದು ಲೇಸು. ‘2028ರ ಜನವರಿ 1ರ ನಂತರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಮುಂದುವರಿಸಲು ಕ್ರಮ ಕೈಗೊಳ್ಳಲಾಗಿದೆಯೇ? ಖಾಸಗಿ ಆಡಳಿತದ ಅನುದಾನಿತ ಕಾಲೇಜುಗಳನ್ನೂ ಸಾರ್ವಜನಿಕ ಗ್ರಂಥಾಲಯಗಳನ್ನೂ ಸೇರಿಸುವ ಪ್ರಸ್ತಾವವಿದೆಯೇ?’ ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಆಮೇಲೆ ಅದು ದಾಖಲೆ. ಲೋಕಸಭೆಗೆ ಕನಿಷ್ಠ 15 ಪೂರ್ಣ ದಿನಗಳ ಮುಂಚಿನ ಸೂಚನೆ ಬೇಕು. ಸಂಸದರ ಕಚೇರಿಗೆ ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ತಲುಪಿಸಿ.

ಅಂಕಿ ಕೊಡಲು ಕಚೇರಿ ಒಪ್ಪದಿದ್ದರೆ ಮಾಹಿತಿ ಹಕ್ಕು ಇದೆ. ನಮ್ಮ ರಾಜ್ಯದ ನಿಯಮದಲ್ಲಿ ಶುಲ್ಕ 10 ರೂಪಾಯಿ, ಅಂಚೆ ಆದೇಶವೂ ನಡೆಯುತ್ತದೆ. ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರದಂತಿರಬೇಕು. ಇದನ್ನು ಮರೆತು ಉದ್ದ ಬರೆದರೆ ಅದೇ ಕಾರಣಕ್ಕೆ ತಿರಸ್ಕರಿಸುತ್ತಾರೆ. ಕೇಳಬೇಕಾದ್ದು: ಕಳೆದ ಮೂರು ವರ್ಷಗಳಲ್ಲಿ ಇ-ಸಂಪನ್ಮೂಲಕ್ಕೆ ಮಂಜೂರಾದ ಹಣ, ವೆಚ್ಚವಾದ ಹಣ, ಪಾವತಿಯ ತಾರೀಖುಗಳು, ಟಿಆರ್-ಜೆ1 ಮತ್ತು ಜೆ2 ವರದಿಯ ಪ್ರತಿ. ಪಾವತಿಯ ತಾರೀಖನ್ನು ಬಿಡಬೇಡಿ. ಮಂಜೂರಾದ ಹಣ ಮಾರ್ಚ್ 31ರ ಹೊತ್ತಿಗೆ ಬಿಡುಗಡೆಯಾಗಿದ್ದರೆ ಜನವರಿಯಿಂದ ಅಲ್ಲಿಯವರೆಗೆ ಚಂದಾ ಕಡಿದುಹೋಗಿತ್ತೇ ಎಂಬುದು ಅದರಿಂದಲೇ ತಿಳಿಯುತ್ತದೆ. ಉತ್ತರಕ್ಕೆ 30 ದಿನ. ಪ್ರಕಾಶಕರ ದರ ಗೋಪ್ಯ ಎಂದು ಸೆಕ್ಷನ್ 8(1)(ಡಿ) ತೋರಿಸಿದರೆ ಮೊದಲ ಮೇಲ್ಮನವಿ ಹಾಕಿ. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾದಲ್ಲಿ ಮಾಹಿತಿ ಕೊಡಬಹುದೆಂದು ಆ ಸೆಕ್ಷನ್ನೇ ಹೇಳುತ್ತದೆ.

ಪ್ರಶ್ನೆ: ನಾನು ಯಾವ ಕಾಲೇಜಿನವನೂ ಅಲ್ಲ. ಕಬ್ಬಿನ ಗೊಣ್ಣೆಹುಳುವಿನ ಜೈವಿಕ ನಿಯಂತ್ರಣದ ಬಗ್ಗೆ ಓದಬೇಕು. ಹುಡುಕಿದ ಕಡೆಯೆಲ್ಲ ಡಾಲರ್ ಕೇಳುತ್ತಾರೆ.
— ರೈತ, ಪಾಂಡವಪುರ

ಉತ್ತರ: ಡಾಲರ್ ಕೇಳದ ಜಾಗಗಳನ್ನು ಮೊದಲು ಮುಗಿಸಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಇ-ಪಬ್ಸ್’ ತಾಣದಲ್ಲಿ ಅದರ ಜರ್ನಲ್‌ಗಳು ಉಚಿತ. ‘ಕೃಷಿಕೋಶ’ದಲ್ಲಿ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಮೇಲೆ ಬಹುಕಾಲದಿಂದ ಸಂಶೋಧನೆ ನಡೆದಿದೆ; ಅಲ್ಲಿನ ಗ್ರಂಥಾಲಯಕ್ಕೆ ಲೇಖನದ ಹೆಸರು, ವರ್ಷ ಬರೆದುಕೊಂಡು ಹೋಗಿ ಕೇಳಿ. ಕೃಷಿ ಸಂಸ್ಥೆಗಳು ಒಟ್ಟಾಗಿ ಜರ್ನಲ್ ಪಡೆಯಲು ‘ಸೆರಾ’ ಎಂಬ ಪ್ರತ್ಯೇಕ ಒಕ್ಕೂಟ ಮಾಡಿಕೊಂಡಿವೆ. ಹೊರಗಿನವರು ಖುದ್ದಾಗಿ ಬಂದು ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಓದಲು ಅನೇಕ ಒಪ್ಪಂದಗಳು ಬಿಡುತ್ತವೆ, ಎಲ್ಲವೂ ಅಲ್ಲ. ‘ಅಧಿಕೃತ ಬಳಕೆದಾರರು’ ಎಂಬ ಷರತ್ತನ್ನು ಓದಿ ಹೇಳಿ ಎಂದು ಗ್ರಂಥಪಾಲಕರಲ್ಲಿ ವಿನಂತಿಸಿ. ಲೇಖಕರ ಇಮೇಲ್ ಲೇಖನದ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಇರುತ್ತದೆ. ಪ್ರತಿ ಕೇಳಿದರೆ ಬಹುತೇಕರು ಸಂತೋಷದಿಂದ ಕಳಿಸುತ್ತಾರೆ. ಆಹಾರ ಸಂಸ್ಕರಣೆಯ ವಿಷಯ ಬಂದಾಗ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ, ಎಲ್ಲರಿಗೂ ತೆರೆದ ಆನ್‌ಲೈನ್ ಲೇಖನ ಭಂಡಾರವನ್ನೂ ನೋಡಿ.

ಆದರೆ ಇದು ನಿಮ್ಮ ಹಕ್ಕಿನ ವಿಷಯವೂ ಹೌದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇದೆ. ಪಟ್ಟಣದಲ್ಲಿ 5,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವವರು ಅದರ ಜೊತೆ 300 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕಟ್ಟುತ್ತಾರೆ. ವಸೂಲಾದ ಈ ಹಣ ಗ್ರಂಥಾಲಯ ಪ್ರಾಧಿಕಾರವನ್ನು ಸಕಾಲಕ್ಕೆ ಸೇರದಿದ್ದರೆ ಮೊದಲು ಕತ್ತರಿ ಬೀಳುವುದು ಪತ್ರಿಕೆ, ಪುಸ್ತಕ ಖರೀದಿಗೆ. ಡೇಟಾಬೇಸ್ ಮಾತು ದೂರವೇ ಉಳಿಯುತ್ತದೆ. ವಸೂಲಾದದ್ದೆಷ್ಟು, ವರ್ಗಾಯಿಸಿದ್ದೆಷ್ಟು ಎಂದು ಮೇಲೆ ಹೇಳಿದ ಕ್ರಮದಲ್ಲೇ ಮಾಹಿತಿ ಕೇಳಬಹುದು. ತೆರಿಗೆಯಲ್ಲೂ ಒಂದು ಅನ್ಯಾಯವಿದೆ. ಪದವಿ ಕೊಡುವ ಶಿಕ್ಷಣ ಸಂಸ್ಥೆ ಕೊಳ್ಳುವ ಆನ್‌ಲೈನ್ ಶೈಕ್ಷಣಿಕ ಜರ್ನಲ್‌ಗೆ 2018ರ ಜನವರಿಯಿಂದ ಜಿಎಸ್‌ಟಿ ವಿನಾಯಿತಿ ಇದೆ. ಎಲ್ಲರಿಗೂ ತೆರೆದ ಸಾರ್ವಜನಿಕ ಗ್ರಂಥಾಲಯಕ್ಕೆ ಆ ವಿನಾಯಿತಿಯ ಮಾತುಗಳು ಅನ್ವಯಿಸುವುದಿಲ್ಲ. ಇದನ್ನು ಸರಿಪಡಿಸಿ ಎಂಬ ಬೇಡಿಕೆಯನ್ನು ರೈತ ಸಂಘಟನೆಗಳೂ ಎತ್ತಿಕೊಳ್ಳಬೇಕು.

ಪ್ರಶ್ನೆ: ಪ್ರಕಾಶಕರ ಅನುಮತಿಯಿಲ್ಲದೆ ಲೇಖನ ಹಂಚುವ ಸೈ-ಹಬ್‌ನಲ್ಲಿ ಎಲ್ಲವೂ ಸಿಗುವಾಗ ಸರ್ಕಾರ ಪ್ರಕಾಶಕರಿಗೆ ಕೋಟಿಗಟ್ಟಲೆ ಏಕೆ ಸುರಿಯಬೇಕು?
— ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ಎಲ್ಲವೂ ಸಿಗುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಪ್ರಕಾಶಕರು ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಅಲ್ಲಿ ಹೊಸ ಲೇಖನ ಸೇರುವುದು ಬಹುಮಟ್ಟಿಗೆ ನಿಂತಿತು. 2025ರ ಆಗಸ್ಟ್‌ನಲ್ಲಿ ಆ ತಾಣವನ್ನು ತಡೆಯಲು ನ್ಯಾಯಾಲಯ ಆದೇಶಿಸಿತು. ಪ್ರಕಾಶಕರ ಲಾಭದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಮದ್ದು, ಯಾರು ಬೇಕಾದರೂ ಉಚಿತವಾಗಿ ಓದುವಂತೆ ಲೇಖನ ಹೊರತರುವ ಮುಕ್ತ ಪ್ರಕಟಣೆ, ಮತ್ತು ಅದು ನಿಮ್ಮ ವಿಭಾಗದಲ್ಲೇ ಶುರುವಾಗಬಹುದು. ವಿಜ್ಞಾನ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ 2014ರ ನೀತಿಯಂತೆ ಅವುಗಳ ಹಣದಿಂದ ನಡೆದ ಸಂಶೋಧನೆಯ ಅಂತಿಮ ಹಸ್ತಪ್ರತಿಯನ್ನು, ಲೇಖನ ಸ್ವೀಕೃತವಾದ ಎರಡು ವಾರಗಳಲ್ಲಿ ಭಂಡಾರಕ್ಕೆ ಸೇರಿಸಬೇಕು. ಮೈಸೂರು ವಿಶ್ವವಿದ್ಯಾಲಯಕ್ಕೆ ತನ್ನದೇ ಇ-ಪ್ರಿಂಟ್ಸ್ ಭಂಡಾರವಿದೆ. ನಿಮ್ಮ ಗೈಡ್ ಅದನ್ನು ಬಳಸುತ್ತಾರೆಯೇ ಕೇಳಿ.

ಗೂಗಲ್ ಸ್ಕಾಲರ್ ಸಾಲದೇ ಎಂದು ಇನ್ನೂ ಹಲವರು ಬರೆದಿದ್ದಾರೆ. ಅದು ಒಂದು ಹುಡುಕಾಟಕ್ಕೆ 1,000ಕ್ಕಿಂತ ಹೆಚ್ಚು ಫಲಿತಾಂಶ ತೋರಿಸುವುದಿಲ್ಲ, ಅದೇ ಪದಗಳಿಗೆ ನಾಳೆ ಅದೇ ಪಟ್ಟಿ ಬರುವ ಖಾತ್ರಿಯೂ ಇಲ್ಲ. ವೈದ್ಯಕೀಯ ವಿದ್ಯಾರ್ಥಿ ವ್ಯವಸ್ಥಿತ ವಿಮರ್ಶೆ (ಒಂದು ವಿಷಯದ ಎಲ್ಲ ಅಧ್ಯಯನಗಳನ್ನು ಹುಡುಕಿ ತೂಗುವ ಲೇಖನ) ಬರೆಯುವಾಗ ಯಾವ ಡೇಟಾಬೇಸ್, ಯಾವ ದಿನ, ಯಾವ ಪದಗಳು, ಎಷ್ಟು ಫಲಿತಾಂಶ ಎಂದು ದಾಖಲಿಸಬೇಕು, ಇನ್ನೊಬ್ಬರು ಹುಡುಕಿದಾಗ ಅದೇ ಬರಬೇಕು. ಆ ಕೆಲಸಕ್ಕೆ ಡೇಟಾಬೇಸೇ ಬೇಕು.

ಪ್ರಶ್ನೆ: ಅಮೆರಿಕದಲ್ಲೂ ಗ್ರಂಥಾಲಯಗಳ ಹಣ ನಿಲ್ಲಿಸಲು ಹೊರಟಿದ್ದರಂತೆ. ನಮಗೂ ಅದಕ್ಕೂ ಸಂಬಂಧವೇನು?
— ನಂಜನಗೂಡು

ಉತ್ತರ: 2025ರ ಮಾರ್ಚ್ 14ರ ಅಧ್ಯಕ್ಷೀಯ ಆದೇಶ ಅಲ್ಲಿನ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಸೇವಾ ಸಂಸ್ಥೆಯನ್ನು ಕುಗ್ಗಿಸಲು ಹೊರಟಿತು, ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಆ ಸಂಸ್ಥೆ ರಾಜ್ಯ ಗ್ರಂಥಾಲಯಗಳಿಗೆ ಹಣ ಕೊಡುತ್ತದೆ, ಅದರಿಂದ ಅನೇಕ ರಾಜ್ಯಗಳು ಊರ ಗ್ರಂಥಾಲಯದ ಸದಸ್ಯರಿಗೆಲ್ಲ ಡೇಟಾಬೇಸ್ ಕೊಡಿಸುತ್ತವೆ. ಸಂಬಂಧ ನೇರವಾಗಿದೆ. ನಾವು ದಿನವೂ ಉಚಿತವಾಗಿ ಬಳಸುವ ವೈದ್ಯಕೀಯ ವಿಷಯದ ಪಬ್‌ಮೆಡ್, ಶಿಕ್ಷಣ ವಿಷಯದ ಎರಿಕ್ ಎರಡೂ ಅಮೆರಿಕ ಸರ್ಕಾರದ ಹಣದಿಂದ ನಡೆಯುತ್ತವೆ. ‘ಉಚಿತ’ ಎಂದು ಇಲ್ಲಿ ಬಜೆಟ್ ಕಡಿಯುವಾಗ ಆ ಹಣ ಕಟ್ಟುತ್ತಿರುವುದು ಯಾರು ಎಂದು ಸಮಿತಿಯಲ್ಲಿ ಕೇಳಬೇಕು.

ಪ್ರಶ್ನೆ: ಕನ್ನಡ ಎಂ.ಎ. ವಿದ್ಯಾರ್ಥಿನಿ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಬೆರಳೆಣಿಕೆಯ ಪ್ರಬಂಧಗಳು ಬರುತ್ತವೆ. ಕನ್ನಡದ ಸಂಶೋಧನೆ ಇಷ್ಟೇ ಏನು?
— ಶ್ರೀರಂಗಪಟ್ಟಣ

ಉತ್ತರ: ಪ್ರಬಂಧಗಳಿವೆ, ಕಾಣುತ್ತಿಲ್ಲ. ಶೀರ್ಷಿಕೆಯನ್ನು ಕೆಲವರು ಕನ್ನಡ ಲಿಪಿಯಲ್ಲಿ, ಕೆಲವರು ರೋಮನ್ ಲಿಪಿಯಲ್ಲಿ, ಇನ್ನು ಕೆಲವರು ಇಂಗ್ಲಿಷಿಗೆ ಅನುವಾದಿಸಿ ದಾಖಲಿಸಿದ್ದಾರೆ. ಹಾಗಾಗಿ ಒಂದೇ ವಿಷಯವನ್ನು ಮೂರೂ ರೀತಿಯಲ್ಲಿ ಹುಡುಕಿ, ರೋಮನ್‌ನಲ್ಲಿ ‘ವಚನ’, ‘ಜಾನಪದ’ದಂಥ ಪದಗಳ ಕಾಗುಣಿತ ಬದಲಿಸಿ ನೋಡಿ, ವಿಶ್ವವಿದ್ಯಾಲಯದ ಪಟ್ಟಿಯಿಂದ ಕನ್ನಡ ವಿಭಾಗಕ್ಕೆ ಹೋಗಿ ಒಂದೊಂದಾಗಿ ಇಳಿಯಿರಿ. ಕಡತದೊಳಗಿನ ಪಠ್ಯ ಹುಡುಕಾಟಕ್ಕೆ ಸಿಗದಿರಲು ಕಾರಣ ಬೇರೆ. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳು. ನಡುವಿನ ವರ್ಷಗಳವು ನುಡಿ, ಬರಹ ತಂತ್ರಾಂಶಗಳ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಲಿಪಿ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಟೈಪಾದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಇದನ್ನು ಸರಿಪಡಿಸಲು ಹೊರದೇಶದ ಪ್ರಕಾಶಕರು ಬರುವುದಿಲ್ಲ. ಶೀರ್ಷಿಕೆ, ಲೇಖಕರು, ಮಾರ್ಗದರ್ಶಕರು, ವಿಷಯಪದಗಳನ್ನು ಕನ್ನಡ ಲಿಪಿಯಲ್ಲೂ ದಾಖಲಿಸಬೇಕು. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳು ಕೆಟ್ಟಿರುವ ಕಡೆ ಮನುಷ್ಯರೇ ಕುಳಿತು ತಿದ್ದಬೇಕು. ಸ್ಕ್ಯಾನ್ ಪುಟಗಳಿಗೆ ಅಕ್ಷರ ಗುರುತಿಸುವ ತಂತ್ರಾಂಶ ಓಡಿಸಬೇಕು. ಮೊದಲ ಕೆಲಸಕ್ಕೆ ಕನ್ನಡ ಬಲ್ಲ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಸಾಕು, ಗೌರವಧನದ ಮಟ್ಟದ ಖರ್ಚು. ಮೇಲೆ ಹೇಳಿದ ಇ-ಸಂಪನ್ಮೂಲ ಬಾಬ್ತನ್ನು ಸೊನ್ನೆ ಮಾಡದೆ ಉಳಿಸಿಕೊಂಡ ವಿಶ್ವವಿದ್ಯಾಲಯ ಈ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು. ನಿಮ್ಮ ವಿಭಾಗದ ಮುಖ್ಯಸ್ಥರ ಮೂಲಕ ಗ್ರಂಥಾಲಯ ಸಮಿತಿಯ ಮುಂದಿನ ಸಭೆಗೆ ಪ್ರಸ್ತಾವ ಕಳಿಸಿ. ಜೊತೆಗೆ, ಹುಡುಕಿದರೂ ಸಿಗದೆ ಆಮೇಲೆ ಪಟ್ಟಿಯಿಂದ ಸಿಕ್ಕ ಹತ್ತು ಪ್ರಬಂಧಗಳ ಶೀರ್ಷಿಕೆಗಳನ್ನು ಲಗತ್ತಿಸಿ.